ಗಡ್ಡದ ರಣಹದ್ದೋ, ಮೂಳೆಮುರುಕವೋ?

ಗೆಳೆಯರೇ, ಮಕ್ಕಳಿಗಾಗಿ ಹಿಮಾಲಯದ ಹಕ್ಕಿಗಳ ಬಗ್ಗೆ ಬರೆಯುತ್ತಾ ಒಂದು ಹೆಸರಿನ ಹತ್ತಿರ ನಿಂತುಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಬಿಯರ್ಡೆಡ್ ವಲ್ಚರ್, ಲ್ಯಾಮರ್‌ಗಯರ್ ಅಂತಲೂ ಹೇಳುತ್ತಾರೆ. ಕೊಕ್ಕಿನ ಕೆಳಗೆ ಕಪ್ಪು ಕೂದಲಿನಂಥ ಗರಿ ಇದೆ, ‘ಗಡ್ಡದ ರಣಹದ್ದು’ ಅಂದರೆ ಸಾಕಲ್ವಾ ಅಂದುಕೊಂಡೆ. ಬರೆದ ಮೇಲೆ ಆ ‘ರಣ’ ಕಿರಿಕಿರಿ ಮಾಡತೊಡಗಿತು.

ರಣಹದ್ದು ಅಂದ ಕೂಡಲೇ ಕಣ್ಣಿಗೆ ಬರುವುದು ಬೋಳು ಕತ್ತು, ಹೆಣದ ಸುತ್ತ ಗುಂಪು. ನಮ್ಮ ರಾಮನಗರದ ರಾಮದೇವರ ಬೆಟ್ಟದ ಉದ್ದಕೊಕ್ಕಿನವು ಆ ಜಾತಿಯವೇ. ಇದು ಹಾಗಲ್ಲ. ತಲೆ, ಕತ್ತು ತುಂಬ ಗರಿ. ಓಡಾಟ ಹೆಚ್ಚಾಗಿ ಒಂಟಿ, ಇಲ್ಲವೇ ಜೋಡಿ. ಊಟದ ಬಹುಪಾಲು ಮೂಳೆ! ಉಳಿದವು ಮಾಂಸ ಮುಗಿಸಿ ಹೋದ ಮೇಲೆ ಇದರ ಸರದಿ. ಸಣ್ಣ ಮೂಳೆಯನ್ನು ಇಡಿಯಾಗಿ ನುಂಗುತ್ತದೆ, ಹೊಟ್ಟೆಯ ಆಮ್ಲ ಕರಗಿಸುತ್ತದೆ. ದೊಡ್ಡದಾದರೆ ಕಾಲಲ್ಲಿ ಹಿಡಿದು ಮೇಲೇರಿ ಬಂಡೆಯ ಮೇಲೆ ಬೀಳಿಸುತ್ತದೆ. ಒಡೆಯಲಿಲ್ಲವೋ, ಮತ್ತೆ ಎತ್ತಿಕೊಂಡು ಹಾರುತ್ತದೆ. ಎದೆಯ ಕೇಸರಿ ಬಣ್ಣವೂ ಹುಟ್ಟಿನಿಂದ ಬಂದದ್ದಲ್ಲ. ಕಬ್ಬಿಣದಂಶದ ಕೆಸರಲ್ಲಿ ಮಿಂದು ಬಳಿದುಕೊಂಡದ್ದು.

ಲ್ಯಾಮರ್‌ಗಯರ್ ಜರ್ಮನ್ ಮಾತು, ‘ಕುರಿಮರಿ ರಣಹದ್ದು’ ಅಂತ. ಕುರಿಮರಿ ಹೊತ್ತೊಯ್ಯುತ್ತದೆ ಅನ್ನುವ ಸುಳ್ಳು ನಂಬಿಕೆಯಿಂದ ಆಲ್ಪ್ಸ್‌ನಲ್ಲಿ ಗುಂಡಿಕ್ಕಿ ಇದರ ಸಂತತಿಯನ್ನೇ ಅಳಿಸಿಬಿಟ್ಟಿದ್ದರು. 1986ರಿಂದ ಮರಿಗಳನ್ನು ತಂದು ಬಿಟ್ಟು ಮತ್ತೆ ನೆಲೆಗೊಳಿಸಿದ್ದಾರೆ. ಆ ಹೆಸರು ಕನ್ನಡಕ್ಕೆ ಬೇಡವೇ ಬೇಡ. ಸ್ಪ್ಯಾನಿಷಿನವರು ಕೆಬ್ರಾಂಟವೇಸೋಸ್, ಅಂದರೆ ಮೂಳೆ ಒಡೆಯುವವನು ಅನ್ನುತ್ತಾರೆ. ನೋಡಿದ್ದನ್ನೇ ಹೆಸರಿಟ್ಟಿದ್ದಾರೆ.

ನಮಗೆ ಮರಕುಟಿಗ ಇದೆ. ಅದೇ ದಾರಿಯಲ್ಲಿ ‘ಮೂಳೆಕುಟಿಗ’ ಅನ್ನೋಣ ಅಂದರೆ ಇದು ಕುಟ್ಟುವುದಿಲ್ಲ, ಬೀಳಿಸುತ್ತದೆ. ‘ಮೂಳೆಮುರುಕ’ ಬಾಯಿಗೆ ಚೆನ್ನಾಗಿದೆ, ಆದರೆ ಕೇಳಿದರೆ ಮನೆಮುರುಕ ನೆನಪಾಗಿ ಬೈದ ಹಾಗಾಗುತ್ತದೆ. ಸುಮ್ನೆ ಊಳಿಗ ಮಾಡುವ ಹಕ್ಕಿಗೆ ಈ ಅಪವಾದ ಯಾಕೆ? ‘ಮೂಳೆಯೊಡೆಯ’ ಅಂತ ಒಂದು ಹೊಳೆಯಿತು. ಒಡೆಯುವುದೂ ಆಯಿತು, ಮೂಳೆಗೆ ಒಡೆಯನೂ ಆಯಿತು. ವ್ಯಾಕರಣ ಒಪ್ಪುತ್ತದೋ ಇಲ್ಲವೋ, ಮಕ್ಕಳು ಒಪ್ಪಬಹುದು.

ಎಲುಬು ಅನ್ನುವ ಕಡೆಯವರು ಹೇಳಿ: ‘ಎಲುಬೊಡೆಯ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?