ಸ್ನಾನ ಮಾಡುವಾಗ ಸಿಡಿಲು ಬಡಿದಂತೆ ತಲೆನೋವು, ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಯಾರಿಗಾದರೂ ಹೀಗಾಗಿದೆಯಾ?

ಪ್ರಶ್ನೆ

ನನಗೆ 43 ವರ್ಷ. ಹೋದ ಭಾನುವಾರ ಬಿಸಿನೀರು ತಲೆ ಮೇಲೆ ಸುರಿದುಕೊಂಡೆ, ಅಷ್ಟೇ. ಹಿಂದಲೆ ಸಿಡಿದು ಹೋಯಿತು ಅನ್ನಿಸಿತು. ಬಾಗಿಲ ಚಿಲಕ ತೆಗೆಯಲಿಕ್ಕೂ ಆಗದೆ ನೆಲದ ಮೇಲೆ ಕೂತುಬಿಟ್ಟೆ. ವಾಂತಿಯೂ ಆಯಿತು. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದರು, ಬೆನ್ನಿನಿಂದ ನೀರು ತೆಗೆದು ನೋಡಿದರು. ರಕ್ತಸ್ರಾವ ಇಲ್ಲ, ಮೈಗ್ರೇನ್ ಇರಬೇಕು ಎಂದು ಸುಮಟ್ರಿಪ್ಟಾನ್ ಅನ್ನುವ ಮೈಗ್ರೇನ್ ಮಾತ್ರೆ ಬರೆದುಕೊಟ್ಟು ಕಳುಹಿಸಿದರು.

ಇಪ್ಪತ್ತು ವರ್ಷದಿಂದ ನನಗೆ ಮೈಗ್ರೇನ್ ಇದೆ. ಅದರ ದಾರಿ ನನಗೆ ಗೊತ್ತು, ಮೆಲ್ಲಗೆ ಏರುತ್ತದೆ. ಇದು ಹಾಗಲ್ಲ. ಒಂದು ನಿಮಿಷವೂ ಆಗುವುದರೊಳಗೆ ತುದಿ ಮುಟ್ಟಿತು. ಬುಧವಾರ ಶೌಚಕ್ಕೆ ತಿಣುಕಿದಾಗ ಮತ್ತೆ ಬಂತು. ನಿನ್ನೆ ಮಗಳ ಮಾತಿಗೆ ಜೋರಾಗಿ ನಕ್ಕೆ, ಮತ್ತೆ ಅದೇ. ಟೆನ್ಷನ್ ಮಾಡ್ಕೋಬೇಡ ಅಂತಾರೆ ಮನೆಯವರು. ಆ ಮಾತ್ರೆ ಇನ್ನೂ ತೆಗೆದುಕೊಂಡಿಲ್ಲ. ತೆಗೆದುಕೊಳ್ಳಲಾ?

ಉತ್ತರ: ಇಬ್ಬರು ಮಕ್ಕಳ ತಾಯಿ

ಬೇಡ, ತೆಗೆದುಕೊಳ್ಳಬೇಡಿ. ಇವತ್ತೇ ಮತ್ತೆ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ನಿಮ್ಮದು ಓದುತ್ತಾ ನನ್ನ ಕೈ ನಡುಗಿತು, ಯಾಕೆಂದರೆ ಇದೇ ನನ್ನ ಕಥೆ.

ಎರಡನೇ ಹೆರಿಗೆಯಾಗಿ ಒಂಬತ್ತನೇ ದಿನ ನನಗೆ ಮೊದಲ ಸಲ ಬಂತು. ಬಾಣಂತಿ, ನಿದ್ದೆ ಇಲ್ಲ, ಅದಕ್ಕೇ ಅಂದರು. ನಾಲ್ಕು ಸಲ ಬಂದ ಮೇಲೆ ಒಬ್ಬ ನ್ಯೂರಾಲಜಿಸ್ಟ್ ಕೂತು ಪೂರ್ತಿ ಕೇಳಿದರು. "ಏನು ಮಾಡುತ್ತಿದ್ದಾಗ ಬಂತು?" ಎಂದು ಪ್ರತಿ ಸಲದ್ದೂ ಬರೆದುಕೊಂಡರು. ಆಗ ಹೇಳಿದ ಹೆಸರು ಆರ್‌ಸಿವಿಎಸ್. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಲ್ಲಿ ಬಿಗಿದುಕೊಳ್ಳುತ್ತವೆ, ಆಮೇಲೆ ತಾವಾಗಿಯೇ ಸಡಿಲವಾಗುತ್ತವೆ. ಆ ನಾಳಗಳ ಚಿತ್ರ ತೆಗೆಯುವ ಸ್ಕ್ಯಾನ್, ಆಂಜಿಯೋಗ್ರಾಮ್, ಮೊದಲ ಸಲ ಮಾಡಿದಾಗ ಏನೂ ಕಾಣಲಿಲ್ಲ. ಒಂದು ವಾರ ಬಿಟ್ಟು ಮಾಡಿದ್ದರಲ್ಲಿ ನಾಳಗಳು ಮಣಿಸರದ ಹಾಗೆ ಕಂಡವು, ಒಂದು ಕಡೆ ಉಬ್ಬು, ಒಂದು ಕಡೆ ಸಣ್ಣ. ಆ ಚಿತ್ರ ನೋಡಿ ಅತ್ತುಬಿಟ್ಟೆ. ಹೆದರಿಕೆಗಲ್ಲ, ನಾನು ಹೇಳಿದ್ದು ಸುಳ್ಳಲ್ಲ ಅಂತ ಗೊತ್ತಾಯಿತಲ್ಲ, ಅದಕ್ಕೆ.

ಉತ್ತರ: ನರರೋಗ ವಾರ್ಡಿನ ನರ್ಸ್

ಮೇಲಿನವರು ಹೇಳಿದ್ದು ಸರಿ. ಸುಮಟ್ರಿಪ್ಟಾನ್‌ನಂಥ ಟ್ರಿಪ್ಟಾನ್ ಮಾತ್ರೆಗಳು ರಕ್ತನಾಳವನ್ನು ಇನ್ನೂ ಬಿಗಿ ಮಾಡುತ್ತವೆ. ಕಾಯಿಲೆ ಇದೇ ಅಂತ ನಾನು ಇಲ್ಲಿಂದ ಹೇಳಲಾರೆ. ಆದರೆ ಸ್ನಾನ, ತಿಣುಕುವುದು, ನಗು, ಕೆಮ್ಮು, ಲೈಂಗಿಕ ಕ್ರಿಯೆ, ಇಂಥ ಹೊತ್ತಿನಲ್ಲಿ ದಿನ ಬಿಟ್ಟು ದಿನ ಹೀಗೆ ಬಡಿದರೆ ಇದನ್ನು ನೋಡಲೇಬೇಕು. ಬಿಗಿತ ಮೊದಲು ತುದಿಯ ಸಣ್ಣ ಕವಲುಗಳಲ್ಲಿ ಶುರುವಾಗಿ ಆಮೇಲೆ ದೊಡ್ಡ ನಾಳಗಳಿಗೆ ಬರುತ್ತದೆ. ಹಾಗಾಗಿ ಮೊದಲ ವಾರದ ಸ್ಕ್ಯಾನ್ ಸರಿಯಾಗಿದ್ದರೆ ನಿಶ್ಚಿಂತೆ ಅಂತಲ್ಲ. ಜಾಸ್ತಿ ಜನ ಪೂರ್ತಿ ಗುಣವಾಗುತ್ತಾರೆ. ಕೆಲವರಿಗೆ ಮಾತ್ರ ರಕ್ತಸ್ರಾವ, ಫಿಟ್ಸ್ ಅಥವಾ ಪಾರ್ಶ್ವವಾಯು ಆಗುತ್ತದೆ. ಮಾತು ತೊದಲಿದರೆ, ಕಣ್ಣು ಮಂಜಾದರೆ, ಕೈಕಾಲು ಸೋತರೆ ಒಂದು ಕ್ಷಣವೂ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ.

ಒಂದು ಕೇಳಲಾ? ಈಚೆಗೆ ಬೇರೆ ಏನಾದರೂ ಔಷಧಿ ತೆಗೆದುಕೊಂಡಿರಾ? ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವುದೂ ಸೇರಿ.

ಪ್ರಶ್ನೆ ಕೇಳಿದವರು

ಔಷಧಿ ಅಂತ ಏನಿಲ್ಲ. ನೆಗಡಿಗೆ ಹತ್ತು ದಿನದಿಂದ ಒಂದು ಮಾತ್ರೆ, ಅಷ್ಟೇ. ಈಗ ಮಾತ್ರೆಯ ಪಟ್ಟಿ ತಿರುಗಿಸಿ ಓದಿದೆ. ಸ್ಯೂಡೋಎಫೆಡ್ರಿನ್ ಅಂತಿದೆ. ಆಸ್ಪತ್ರೆಯಲ್ಲಿ ಕೇಳಿದಾಗ ಇದನ್ನು ಹೇಳಲೇ ಇಲ್ಲ. ನೆಗಡಿ ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ ಅಂತ ಹೊಳೆಯಲಿಲ್ಲ.

ನರ್ಸ್

ಅದು ಕಟ್ಟಿದ ಮೂಗು ಬಿಡಿಸುವುದೇ ರಕ್ತನಾಳ ಬಿಗಿ ಮಾಡಿ. ನಿಲ್ಲಿಸಿ, ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಗೂ ಇದಕ್ಕೂ ನಂಟಿದೆ. ಅಂಥದ್ದಿದ್ದರೆ ಡಾಕ್ಟರಿಗೆ ಹೇಳಿ, ನೀವೇ ಏಕಾಏಕಿ ಬಿಡಬೇಡಿ. ಹೋಗಿ ಈಗ.

ಪ್ರಶ್ನೆ ಕೇಳಿದವರು (ಐದು ದಿನದ ನಂತರ)

ವಾರ್ಡಿನಿಂದ ಬರೆಯುತ್ತಿದ್ದೇನೆ. ಎಂಆರ್ ಆಂಜಿಯೋಗ್ರಾಮ್‌ನಲ್ಲಿ ಮಣಿಸರ ಕಂಡಿತು. ಆರ್‌ಸಿವಿಎಸ್ ಅಂದರು. ಪಟ್ಟಿ ತೋರಿಸಿದ ತಕ್ಷಣ ಡಾಕ್ಟರ್ ಮುಖವೇ ಬದಲಾಯಿತು. ರಕ್ತನಾಳ ಸಡಿಲಿಸುವ ನಿಮೋಡಿಪಿನ್ ಕೊಡುತ್ತಿದ್ದಾರೆ, ಬಿಪಿ ಆಗಾಗ ನೋಡುತ್ತಾರೆ. ಮಲಬದ್ಧತೆ ಆಗದಂತೆಯೂ ಔಷಧಿ. ಕೊನೆಯ ಸಲ ನೋವು ಬಂದು ಎರಡು ದಿನವಾಯಿತು. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್, ಆಗ ನಾಳಗಳು ಸರಿಹೋಗಿವೆಯೇ ಎಂದು ಖಚಿತವಾಗುತ್ತದಂತೆ. ನಿಮ್ಮಿಬ್ಬರ ಋಣ ದೊಡ್ಡದು. ಆದರೆ ಸ್ನಾನ ಅಂದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಈ ಭಯ ಹೋಗುತ್ತದಾ?

ಇಬ್ಬರು ಮಕ್ಕಳ ತಾಯಿ

ಹೋಗುತ್ತದೆ, ನಿಧಾನಕ್ಕೆ. ನಾನು ಒಂದು ತಿಂಗಳು ಉಗುರುಬೆಚ್ಚನೆಯ ನೀರಿನಲ್ಲಿ, ಸ್ಟೂಲ್ ಮೇಲೆ ಕೂತು, ಕಾಲಿನಿಂದ ಶುರುಮಾಡುತ್ತಿದ್ದೆ. ತಲೆಗೆ ಕೊನೆಗೆ. ಚಿಲಕ ಹಾಕುತ್ತಿರಲಿಲ್ಲ, ಅಮ್ಮ ಹೊರಗೆ ನಿಂತು ಮಾತಾಡಿಸುತ್ತಿದ್ದರು. ನಿಮ್ಮ ಮಗಳಿಗೂ ಹೇಳಿ, ನಿಲ್ಲುತ್ತಾಳೆ.