ಮಾದರಿಯ ಮೇಲೆ ಕೂರುವ ಫ್ರೇಮ್ ಬಾಯಲ್ಲಿ ಅಲುಗಾಡುತ್ತಿದೆ: ತಪ್ಪು ಸ್ಕ್ಯಾನಿನದೋ, ಮುದ್ರಣದ್ದೋ?

ದಾವಣಗೆರೆ ಲ್ಯಾಬ್:

ಎಲ್ಲರಿಗೂ ನಮಸ್ಕಾರ. ಎರಡು ವಾರಗಳಿಂದ ಒಂದೇ ಕೆಲಸದಲ್ಲಿ ಸಿಕ್ಕಿಕೊಂಡಿದ್ದೇನೆ: ಕೆಲವು ಹಲ್ಲು ಮಾತ್ರ ಹೋದವರು ಹಾಕಿ ತೆಗೆಯುವ ಕೃತಕ ದಂತಪಂಕ್ತಿಯ ಲೋಹದ ಫ್ರೇಮ್. ಕೆಳದವಡೆ, ಕೆನೆಡಿ ಒಂದನೇ ವರ್ಗ. 34ರಿಂದ (ಎಡಗೋರೆಯ ಹಿಂದಿನ ಹಲ್ಲು) 44ರವರೆಗೆ (ಬಲಬದಿಯ ಅದೇ ಹಲ್ಲು) ಎಂಟು ಹಲ್ಲುಗಳಿವೆ, ಅವುಗಳ ಹಿಂದೆ ಎರಡೂ ಬದಿ ಬರಿಯ ಒಸಡು. ಡಾಕ್ಟರ್ ಬಾಯಿಯ ಅಚ್ಚು ತೆಗೆಯದೆ ನೇರವಾಗಿ ಸ್ಕ್ಯಾನ್ ಮಾಡಿ ಎಸ್‌ಟಿಎಲ್ ಫೈಲ್ ಕಳುಹಿಸಿದರು. ಲಿಂಗ್ವಲ್ ಬಾರ್ (ನಾಲಿಗೆಯ ಬದಿಯ ಲೋಹದ ಪಟ್ಟಿ), 34 ಮತ್ತು 44ಕ್ಕೆ ರೆಸ್ಟ್ (ಹಲ್ಲಿನ ಗುಳಿಯಲ್ಲಿ ಕೂರುವ ಆಸರೆ), ಬದಿಯ ತಟ್ಟೆ, ಐ-ಬಾರ್ ಮೂರೂ ಸೇರಿದ ಆರ್‌ಪಿಐ, ಎರಡು ಕೋರೆಹಲ್ಲುಗಳ ನಾಲಿಗೆಯ ಬದಿಗೆ ರೆಸ್ಟ್ ಇಟ್ಟು ವಿನ್ಯಾಸ ಮಾಡಿದೆ. ಐ-ಬಾರಿನ ತುದಿಯನ್ನು ಹಲ್ಲಿನ ಉಬ್ಬಿನ ಕೆಳಗೆ 0.25 ಮಿ.ಮೀ. ಅಂಡರ್‌ಕಟ್‌ನಲ್ಲಿ ಇಟ್ಟಿದ್ದೇನೆ. ಕೋಬಾಲ್ಟ್-ಕ್ರೋಮ್ ಪುಡಿಯನ್ನು ಲೇಸರ್‌ನಿಂದ ಕರಗಿಸಿ ಮುದ್ರಿಸುವ ಹೊರಗಿನ ಕೇಂದ್ರವೊಂದರಲ್ಲಿ ಫ್ರೇಮ್ ಮಾಡಿಸಿದೆ.

ಅದೇ ಫೈಲಿನಿಂದ ಮುದ್ರಿಸಿದ ರೆಸಿನ್ ಮಾದರಿಯ ಮೇಲೆ ಅದು ಕೂದಲೆಳೆಯಷ್ಟೂ ಕದಲುವುದಿಲ್ಲ. ಬಾಯಲ್ಲಿ ಇಟ್ಟು ಬಲಬದಿ ಒತ್ತಿದರೆ ಎಡಬದಿ ತಕ್ಕಡಿಯ ತಟ್ಟೆಯಂತೆ ಮೇಲೇಳುತ್ತದೆ. ಅದೇ ಫೈಲನ್ನು ಎರಡನೆಯ ಬಾರಿ ಮುದ್ರಿಸಿದರೂ ಹಾಗೆಯೇ ಆಯಿತು. ಮೂರನೆಯ ಖರ್ಚು ನನ್ನಿಂದ ಆಗದು. ಅದಕ್ಕಿಂತ ಹೆಚ್ಚಾಗಿ, ಆ ಹಿರಿಯರು ಹಳ್ಳಿಯಿಂದ ಬಸ್ ಹತ್ತಿ ಎರಡು ಬಾರಿ ಬಂದು ಬರಿಗೈಯಲ್ಲಿ ಹೋಗಿದ್ದಾರೆ. ಎಲ್ಲಿಂದ ಹುಡುಕಲಿ?

ಹಳೆಯ ಎರಕ:

ಸರ್, ಮೊದಲು ಒಂದು ಮಾತು. ರೆಸಿನ್ ಮಾದರಿಯನ್ನು ಸಾಕ್ಷಿಯಾಗಿ ಕರೆಯಬೇಡಿ. ಫ್ರೇಮ್ ಮತ್ತು ಮಾದರಿ ಎರಡೂ ಒಂದೇ ಫೈಲಿನ ಮಕ್ಕಳು. ಸ್ಕ್ಯಾನಿನಲ್ಲಿ ತಪ್ಪಿದ್ದರೆ ಎರಡರಲ್ಲೂ ಅದೇ ತಪ್ಪು ಇರುತ್ತದೆ, ಆದ್ದರಿಂದ ಒಂದಕ್ಕೊಂದು ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ.

ಇನ್ನು ಮುದ್ರಣದ ವಿಷಯ. ಲೇಸರ್ ಪದರದ ಮೇಲೆ ಪದರ ಕರಗಿಸುವಾಗ ಲೋಹದಲ್ಲಿ ಒಳಬಿಗಿತ ಸೇರುತ್ತದೆ. ತಳದ ತಟ್ಟೆಗೆ ಅಂಟಿಕೊಂಡಿರುವಾಗಲೇ ಫ್ರೇಮನ್ನು ಕುಲುಮೆಯಲ್ಲಿಟ್ಟು ಆ ಬಿಗಿತವನ್ನು ಇಳಿಸಬೇಕು, ಆಮೇಲೆ ಕತ್ತರಿಸಬೇಕು. ಮೊದಲೇ ಕತ್ತರಿಸಿದರೆ ಕುದುರೆಲಾಳದಂತಿರುವ ಕೆಳದವಡೆಯ ಫ್ರೇಮ್ ತುದಿಗಳಲ್ಲಿ ಅಗಲವಾಗುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ. ಕೇಂದ್ರದವರನ್ನು ಇದೊಂದನ್ನೇ ಕೇಳಿ. ಎರಡು ಸಲವೂ ಒಂದೇ ಬದಿ ಎದ್ದಿದೆ ಎನ್ನುವುದನ್ನು ನೋಡಿದರೆ ನನಗೆ ಫೈಲಿನ ಮೇಲೆಯೇ ಅನುಮಾನ. ಆದರೂ ಎರಡು ಸಲವೂ ಒಂದೇ ಭಂಗಿಯಲ್ಲಿ ಮುದ್ರಿಸಿದ್ದರೆ ತಿರುಚು ಕೂಡ ಮರುಕಳಿಸಬಹುದು.

ಮಾದರಿಗೆ ಕೂರಿಸಲು ಒಳಬದಿಯನ್ನು ಎಲ್ಲಾದರೂ ಉಜ್ಜಿದ್ದೀರಾ?

ಪ್ರಾಸ್ತೋ ಮೈಸೂರು:

ಸ್ಕ್ಯಾನಿಗೂ ಮುದ್ರಣಕ್ಕೂ ಮೊದಲು ನನ್ನದೊಂದು ಪ್ರಶ್ನೆ: ಡಾಕ್ಟರ್ ಒತ್ತಿದ್ದು ಎಲ್ಲಿ? ರೆಸ್ಟಿನ ಮೇಲೋ, ಕೃತಕ ಹಲ್ಲಿನ ಅಕ್ರಿಲಿಕ್ ಹಿಡಿಯುವ ಹಿಂದಿನ ಜಾಲರಿಯ ಮೇಲೋ?

ಇದು ಬಹಳ ಮುಖ್ಯ, ಏಕೆಂದರೆ ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಬೇರೆ ಅಲುಗಾಟಗಳಿವೆ. ಹಿಂದೆ ಹಲ್ಲಿನ ಆಸರೆಯಿಲ್ಲದ ದವಡೆಯಲ್ಲಿ ಜಾಲರಿಯನ್ನು ಒತ್ತಿದರೆ ಅದು ಕೆಳಗೆ ಹೋಗಲೇಬೇಕು. ಅದರ ಅಡಿಯಲ್ಲಿ ಅಕ್ರಿಲಿಕ್‌ಗಾಗಿ ಬಿಟ್ಟ ಖಾಲಿ ಜಾಗವಿದೆ, ಆ ಜಾಗದ ಕೆಳಗೆ ಮೆತ್ತನೆಯ ಒಸಡು. ಆಗ 34 ಮತ್ತು 44ರ ರೆಸ್ಟ್‌ಗಳನ್ನು ಸೇರಿಸುವ ಗೆರೆಯೇ ಚಕ್ರದ ಅಚ್ಚಿನಂತಾಗಿ ಮುಂದಿನ ಬಾರ್ ಮೇಲೇಳುತ್ತದೆ. ಅದು ದೋಷವಲ್ಲ. ನೀವು ಆರ್‌ಪಿಐ ಹಾಕಿರುವುದೇ ಆ ಚಲನೆಯಲ್ಲಿ ಹಲ್ಲು ಹಿಂದಕ್ಕೆ ಎಳೆಯಲ್ಪಡದಿರಲಿ ಎಂದು. ಇದನ್ನು ಫ್ರೇಮಿನ ದೋಷವೆಂದು ತಿಳಿದು ಮರಳಿ ಮಾಡಿಸಿದ ಒಳ್ಳೆಯ ಫ್ರೇಮ್‌ಗಳನ್ನು ನಾನು ಕಂಡಿದ್ದೇನೆ. ಪ್ರತಿ ಸಲವೂ ಮನಸ್ಸಿಗೆ ನೋವಾಗಿದೆ.

ಆದ್ದರಿಂದ ಜಾಲರಿಯನ್ನು ಮುಟ್ಟದೆ ನಾಲ್ಕು ರೆಸ್ಟ್‌ಗಳನ್ನು ಒಂದೊಂದಾಗಿ ಒತ್ತಲು ಹೇಳಿ. ಒಂದನ್ನು ಒತ್ತಿದಾಗ ಇನ್ನೊಂದು ತನ್ನ ಗುಳಿಯಿಂದ ಎದ್ದರೆ ಮಾತ್ರ ಫ್ರೇಮ್ ಕೂತಿಲ್ಲ ಎಂದರ್ಥ.

ಹಾಗೆ ಎದ್ದರೆ ಸಿಲಿಕೋನ್ ಅಚ್ಚು ತೆಗೆಸಿ, ಡೈ ಸ್ಟೋನ್ (ಗಟ್ಟಿ ಜಿಪ್ಸಮ್) ಸುರಿದು, ಆ ಮಾದರಿಯ ಮೇಲೆ ಫ್ರೇಮ್ ಇಟ್ಟು ನೋಡಿ. ಸ್ಟೋನ್ ಮಾದರಿ ಈ ಫೈಲಿನಿಂದ ಹುಟ್ಟಿದ್ದಲ್ಲ, ಆದ್ದರಿಂದ ಅದರ ಸಾಕ್ಷ್ಯಕ್ಕೆ ಬೆಲೆಯಿದೆ.

ದಾವಣಗೆರೆ ಲ್ಯಾಬ್:

ಮೇಡಂ, ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತು. ಡಾಕ್ಟರ್ ಒತ್ತಿದ್ದು ಜಾಲರಿಯನ್ನು. ಇಂದು ರೆಸ್ಟ್‌ಗಳನ್ನು ಮಾತ್ರ ಒತ್ತಿ ನೋಡಿದರು. ಅಲುಗಾಟ ಬಹಳ ಕಡಿಮೆಯಾಗಿದೆ, ಆದರೆ ಹೋಗಿಲ್ಲ. 44ನ್ನು ಒತ್ತಿದರೆ 34ರ ರೆಸ್ಟ್ ಸ್ವಲ್ಪ ಏಳುತ್ತದೆ. ಸ್ಟೋನ್ ಮಾದರಿಯ ಮೇಲೂ ಹಾಗೆಯೇ. ಸರ್, ಒಳಬದಿಯನ್ನು ಉಜ್ಜಿಲ್ಲ. ಬಿಗಿತ ಇಳಿಸಿದ ಮೇಲೆಯೇ ಕತ್ತರಿಸಿದ್ದೇವೆ ಎಂದು ಕೇಂದ್ರದವರು ಹೇಳಿದ್ದಾರೆ.

ಹಳೆಯ ಎರಕ:

ಮಾತನ್ನು ನಂಬೋಣ, ಆದರೂ ಅಳೆಯೋಣ. ನಿಮ್ಮಲ್ಲಿ ಲ್ಯಾಬ್ ಸ್ಕ್ಯಾನರ್ ಇದ್ದರೆ ಎರಡು ಹೋಲಿಕೆ ಮಾಡಿ. ಫ್ರೇಮಿನ ಒಳಬದಿಗೆ ಬಿಳಿ ಸ್ಪ್ರೇ ಹೊಡೆದು ಸ್ಕ್ಯಾನ್ ಮಾಡಿ ವಿನ್ಯಾಸದ ಫೈಲಿನ ಮೇಲೆ ಕೂರಿಸಿ; ಇದು ಮುದ್ರಣದ ಪರೀಕ್ಷೆ. ಸ್ಟೋನ್ ಮಾದರಿಯನ್ನು ಸ್ಕ್ಯಾನ್ ಮಾಡಿ ಬಾಯಿಯ ಸ್ಕ್ಯಾನಿನ ಮೇಲೆ ಕೂರಿಸಿ. ಇದು ಸ್ಕ್ಯಾನಿನ ಪರೀಕ್ಷೆ.

ಒಂದು ಎಚ್ಚರಿಕೆ. ಇಡೀ ದವಡೆಯನ್ನು ತಂತ್ರಾಂಶವೇ ತಾನಾಗಿ ಹೊಂದಿಸಲು ಬಿಡಬೇಡಿ. ಅದು ಒಂದು ತುದಿಯ ದೊಡ್ಡ ತಪ್ಪನ್ನು ಎಲ್ಲ ಹಲ್ಲುಗಳಿಗೂ ತೆಳುವಾಗಿ ಹಂಚಿಬಿಡುತ್ತದೆ, ಬಣ್ಣದ ನಕ್ಷೆ ಎಲ್ಲೆಡೆ ಹಸಿರಾಗಿ, ಅಂದರೆ ಸರಿಯಿದ್ದಂತೆ, ಕಾಣುತ್ತದೆ. ಬಲಬದಿಯ ಮೂರು ಹಲ್ಲುಗಳನ್ನು ಮಾತ್ರ ಹೊಂದಿಸಿ, ಎಡತುದಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿ.

ದಾವಣಗೆರೆ ಲ್ಯಾಬ್:

ಸಿಕ್ಕಿತು! ಫ್ರೇಮ್ ಮತ್ತು ವಿನ್ಯಾಸದ ನಡುವೆ ವ್ಯತ್ಯಾಸ ಎಲ್ಲಿಯೂ 0.1 ಮಿ.ಮೀ. ದಾಟಿಲ್ಲ. ಸ್ಟೋನಿಗೂ ಬಾಯಿಯ ಸ್ಕ್ಯಾನಿಗೂ ಬಲಬದಿಯಲ್ಲಿ ವ್ಯತ್ಯಾಸವೇ ಇಲ್ಲ, ಬಾಚಿಹಲ್ಲುಗಳ ಹತ್ತಿರ ಶುರುವಾಗಿ 34ಕ್ಕೆ ಬರುವಷ್ಟರಲ್ಲಿ 0.3 ಮಿ.ಮೀ. ಆಗಿದೆ. ಮೊದಲ ಸಲ ಇಡೀ ದವಡೆಯನ್ನು ಹೊಂದಿಸಿದಾಗ ನಕ್ಷೆ ನೀವು ಹೇಳಿದಂತೆ ಹಸಿರಾಗಿಯೇ ಇತ್ತು. ಮುದ್ರಣದವರ ಮೇಲೆ ಎರಡು ವಾರ ಸುಮ್ಮನೆ ಅನುಮಾನಪಟ್ಟೆ, ಅವರಿಗೆ ಫೋನ್ ಮಾಡಿ ಹೇಳಿದ್ದೇನೆ.

ಪ್ರಾಸ್ತೋ ಮೈಸೂರು:

ಕೆಳಗಿನ ಬಾಚಿಹಲ್ಲುಗಳು ಸಣ್ಣವು, ಒಂದರಂತೆ ಇನ್ನೊಂದು. ನಾಲಿಗೆ, ಜೊಲ್ಲು ಎರಡೂ ಅಲ್ಲಿಯೇ. ಸ್ಕ್ಯಾನರ್ ಚಿತ್ರಕ್ಕೆ ಚಿತ್ರ ಹೊಲಿಯುತ್ತಾ ಆ ತಿರುವಿನಲ್ಲಿ ದಾರಿ ತಪ್ಪುತ್ತದೆ. ಬರಿಯ ಒಸಡಿನ ಮೇಲೂ ಹಿಡಿತಕ್ಕೆ ಗುರುತೇ ಇರುವುದಿಲ್ಲ. ಡಾಕ್ಟರಿಗೆ ನಯವಾಗಿ ಹೇಳಿ: ಚೆನ್ನಾಗಿ ಒಣಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೊದಲು ಹಲ್ಲುಗಳ ಮೇಲ್ಮೈ ಮಾತ್ರ, ಬಾಚಿಹಲ್ಲುಗಳಲ್ಲಿ ಸ್ಕ್ಯಾನರಿನ ತುದಿಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸುತ್ತಾ ನಿಧಾನವಾಗಿ ದಾಟಬೇಕು. ಒಳಬದಿ, ಹೊರಬದಿ ಆಮೇಲೆ.

ಈ ಕೆಲಸಕ್ಕೆ ಮಾತ್ರ ಈಗಿರುವ ಸ್ಟೋನ್ ಮಾದರಿಯ ಸ್ಕ್ಯಾನಿನಿಂದಲೇ ಹೊಸ ವಿನ್ಯಾಸ ಮಾಡಿ. ಅದು ಹಿಂದಕ್ಕೆ ಹೋದಂತಲ್ಲ.

ಹಳೆಯ ಎರಕ:

ಲೋಹಕ್ಕೆ ಕಳುಹಿಸುವ ಮೊದಲು ಅದೇ ಫೈಲನ್ನು ರೆಸಿನ್‌ನಲ್ಲಿ ಮುದ್ರಿಸಿ ಬಾಯಲ್ಲಿ ಇಟ್ಟು ನೋಡಿ. ಎರಡು ತುದಿಗಳ ನಡುವೆ ಅಡ್ಡಪಟ್ಟಿಯೊಂದನ್ನು ಸೇರಿಸಿ, ಇಲ್ಲದಿದ್ದರೆ ಬೆಳಕಿನಲ್ಲಿ ಗಟ್ಟಿ ಮಾಡುವಾಗ ರೆಸಿನ್ ಸೊಟ್ಟಗಾಗುತ್ತದೆ. ಮೂವತ್ತು ವರ್ಷ ಮೇಣದಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಲೋಹ ಆಗುವ ಮೊದಲೇ ಬಾಯಲ್ಲಿ ನೋಡುವ ಈ ಅವಕಾಶ ನಮಗೆ ಆಗ ಇರಲಿಲ್ಲ. ಇದನ್ನು ಬಿಡಬೇಡಿ.

ದಾವಣಗೆರೆ ಲ್ಯಾಬ್:

ರೆಸಿನ್ ಫ್ರೇಮ್ ಕೂತಿತು, ನಾಲ್ಕೂ ರೆಸ್ಟ್ ಗುಳಿಯಲ್ಲಿವೆ. ನಿನ್ನೆ ಲೋಹದ್ದೂ ಕೂತಿತು. ಜಾಲರಿ ಇಳಿಯುವುದು ಮಾತ್ರ ಹಾಗೆಯೇ ಇದೆ. ಅದಕ್ಕೆ ಏನು ಮಾಡಲಿ, ಮೇಡಂ?

ಪ್ರಾಸ್ತೋ ಮೈಸೂರು:

ಒಸಡಿನ ಭಾಗಕ್ಕೆ ಬೇರೆ ಅಚ್ಚು ಬೇಕು. ಸ್ಕ್ಯಾನರ್ ಒಸಡನ್ನು ಮುಟ್ಟದೆ ನೋಡುತ್ತದೆ, ಊಟ ಮಾಡುವಾಗ ಅದು ಹೇಗೆ ಒತ್ತಿಕೊಳ್ಳುತ್ತದೆ ಎಂಬುದು ಅದಕ್ಕೆ ತಿಳಿಯದು. ಜಾಲರಿಗೆ ರೆಸಿನ್ ಟ್ರೇ ಸೇರಿಸಿ, ಅಂಚುಗಳನ್ನು ರೂಪಿಸಿ, ತೆಳು ಸಿಲಿಕೋನ್ ಹಾಕಿ ಅಚ್ಚು ತೆಗೆಯಲು ಹೇಳಿ. ಅದು ಗಟ್ಟಿಯಾಗುವವರೆಗೆ ಬೆರಳು ರೆಸ್ಟ್‌ಗಳ ಮೇಲೆ ಮಾತ್ರ ಇರಬೇಕು, ಟ್ರೇಯನ್ನು ಒತ್ತಲೇಬಾರದು. ಬಳಿಕ ಸ್ಟೋನ್ ಮಾದರಿಯ ಹಿಂಭಾಗಗಳನ್ನು ಕತ್ತರಿಸಿ, ಫ್ರೇಮನ್ನು ಹಲ್ಲುಗಳ ಮೇಲೆ ಕೂರಿಸಿ, ಆ ಅಚ್ಚಿಗೆ ಹೊಸದಾಗಿ ಸ್ಟೋನ್ ಸುರಿಯಿರಿ.

ದಾವಣಗೆರೆ ಲ್ಯಾಬ್:

ಹಾಗೆಯೇ ಮಾಡಿದೆವು. ಹಲ್ಲು ಜೋಡಿಸಿ, ಅಕ್ರಿಲಿಕ್ ಬೇಯಿಸಿ ಇಂದು ಕೊಟ್ಟರು. ಎರಡೂ ಬದಿ ಒತ್ತಿದರೂ ಕೋರೆಹಲ್ಲಿನ ರೆಸ್ಟ್‌ಗಳು ಏಳಲಿಲ್ಲ. ಹಿರಿಯರು ಕ್ಲಿನಿಕ್ಕಿನಲ್ಲಿಯೇ ಬಾಳೆಹಣ್ಣು ತಿಂದು ನೋಡಿದರು. ಒಸಡು ನೋಯುತ್ತದೆಯೇ ಎಂದು ನೋಡಲು ಡಾಕ್ಟರ್ ನಾಡಿದ್ದು ಮತ್ತೆ ಬರಹೇಳಿದ್ದಾರೆ. ನಾನೂ ಹೋಗುತ್ತೇನೆ.