ಸಹಾಯ ಬೇಕು: ಆಕ್ಸಲ್ ನಟ್ ಸಡಿಲ ಆಗಿದೆಯಾ, ತಿಳಿಯೋದು ಹೇಗೆ?

ಬ್ರೇಕ್ ಪ್ಯಾಡ್ ನೋಡಲು ಕಾರಿನ ಮುಂದಿನ ಚಕ್ರ ಬಿಚ್ಚಿದ್ದೆ. ಹಾಗೇ ಸುಮ್ನೆ ಡ್ರೈವ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಕಡೆ ಕೈ ಹಾಕಿದೆ. ಗೇರ್‌ಬಾಕ್ಸ್ ಪಕ್ಕದ ಆರು ಬೋಲ್ಟ್‌ಗಳಲ್ಲಿ ಎರಡು ಸಡಿಲ! ಮ್ಯಾನ್ಯುಯಲ್‌ನಲ್ಲಿದ್ದ ಅಳತೆಗೆ ಟಾರ್ಕ್ ರೆಂಚ್‌ನಿಂದ (ಬಿಗಿ ಅಳೆಯುವ ಸ್ಪ್ಯಾನರ್) ಎದುರುಬದುರಾಗಿ ಬಿಗಿ ಮಾಡಿದೆ. ಅದು ಮುಗಿಯಿತು.

ಈಗ ತಲೆನೋವು ಹಬ್ (ಚಕ್ರ ಕೂರುವ ಭಾಗ) ನಡುವಿನ ದೊಡ್ಡ ನಟ್‌ನದು, ಅಂದರೆ ಆಕ್ಸಲ್ ನಟ್‌ನದು. ಅದರ ಅಂಚನ್ನು ಶಾಫ್ಟಿನ ಕಚ್ಚಿನೊಳಗೆ ಬಡಿದು ಲಾಕ್ ಮಾಡಿದ್ದಾರೆ. ನಿಂತ ಗಾಡಿ ಹೊರಡುವಾಗ ಒಂದೇ ಸಲ 'ಟಕ್' ಅನ್ನುತ್ತದೆ. ತಿರುವಿನಲ್ಲಿ ಸದ್ದಿಲ್ಲ, ಹಾಗಾಗಿ ಸಿವಿ ಜಾಯಿಂಟ್ (ಶಾಫ್ಟಿನ ತುದಿಯ ಬಾಗುವ ಕೀಲು) ಮೇಲೆ ಅನುಮಾನ ಕಮ್ಮಿ.

ಈ ನಟ್ ಬಿಚ್ಚಿದರೆ ಹೊಸದೇ ಹಾಕಬೇಕು, ಅಲ್ವಾ? ಬಿಚ್ಚದೆ ಬಿಗಿ ನೋಡುವ ದಾರಿ ಇದೆಯಾ? ಜಾಕ್ ಮೇಲಿಟ್ಟು ಅಷ್ಟು ಜೋರು ಹಾಕಲು ಧೈರ್ಯವಿಲ್ಲ. ಚಕ್ರ ನೆಲಕ್ಕಿಳಿಸಿ, ನಡುವಿನ ಕ್ಯಾಪ್ ತೆಗೆದು ಮಾಡೋಣ ಅಂತಿದ್ದೇನೆ. ಮಾಡಿ ಅನುಭವ ಇದ್ದವರು ಹೇಳಿ. ಅಲ್ಲಿವರೆಗೆ ಗಾಡಿ ಹೊರಗೆ ತೆಗೆಯುವುದಿಲ್ಲ.